ಕೊನೆಯಲ್ಲಿ ಎಚ್ ಇದೆಯಾ?

ಭದ್ರಾವತಿಯ ಒಂದು ಅಂಗಡಿಯಲ್ಲಿ ಕೂತಿದ್ದೆ. ಮಾಲೀಕರು ಫೋನಿನಲ್ಲಿ ಗಿರಾಕಿಯೊಬ್ಬರಿಗೆ ತಮ್ಮ ವೆಬ್‌ಸೈಟಿನ ವಿಳಾಸ ಹೇಳುತ್ತಿದ್ದರು. ‘ಭದ್ರಾವತಿ ಅಂತ ಹಾಕಿ ಸಾರ್... ಅಲ್ಲಲ್ಲ, ಟಿ ಆದ್ಮೇಲೆ ಎಚ್ ಇದೆ... ಮೊದಲಿನ ಬಿ ಮುಂದೆಯೂ ಎಚ್ ಇದೆ.’ ಮೂರು ಸಲ ಹೇಳಿ ಸಾಕಾಗಿ, ‘ವಾಟ್ಸಾಪ್ ಮಾಡ್ತೀನಿ ಬಿಡಿ’ ಎಂದರು.

ನಮ್ಮೂರುಗಳಲ್ಲಿ ಡೊಮೈನ್ ಹೆಸರು ಆರಿಸುವ ಪದ್ಧತಿಯ ದೊಡ್ಡ ದೋಷ ಇದೇ. ಪರದೆಯ ಮೇಲೆ ಚೆಂದ ಕಂಡದ್ದನ್ನು ಆರಿಸುತ್ತೇವೆ, ಕಿವಿಗೆ ಹೇಳಿ ನೋಡುವುದಿಲ್ಲ. ಕನ್ನಡದಲ್ಲಿ ಭದ್ರಾವತಿಗೆ ಒಂದೇ ಕಾಗುಣಿತ. ಇಂಗ್ಲಿಷಿಗೆ ಇಳಿದ ಕೂಡಲೇ ‘ತಿ’ಗೆ ಎಚ್ ಹಾಕುವವರು ಒಂದು ಕಡೆ, ಹಾಕದವರು ಇನ್ನೊಂದು ಕಡೆ. ಅದೇ ಊರಿನ ಉಕ್ಕಿನ ಕಾರ್ಖಾನೆಯನ್ನು ನೋಡಿ. ಅದಕ್ಕಿರುವ ವಿಶ್ವೇಶ್ವರಯ್ಯ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಹತ್ತು ಜನ ಹತ್ತು ಥರ ಬರೆಯುತ್ತಾರೆ. ಅದರ ಕಿರುರೂಪವಾದ ವಿಐಎಸ್ಎಲ್ ಎಂಬ ನಾಲ್ಕು ಅಕ್ಷರದಲ್ಲಿ ತಪ್ಪುವುದಕ್ಕೆ ಜಾಗವೇ ಇಲ್ಲ.

ಶಿವಮೊಗ್ಗದ ಕಥೆ ಇನ್ನೂ ತೊಡಕಿನದು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಬಂತು. ಬೋರ್ಡುಗಳು ಬದಲಾದವು. ಜಿಲ್ಲೆಯ ಸರ್ಕಾರಿ ಜಾಲತಾಣದ ವಿಳಾಸ ಮಾತ್ರ ಆಮೇಲೂ ‘ಶಿಮೊಗ’ ಎಂದೇ ಉಳಿಯಿತು. ಹಳೆಯದನ್ನು ಉಳಿಸಿಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ನೂರಾರು ಕಡೆ ಅಚ್ಚಾಗಿರುವ ವಿಳಾಸವನ್ನು ಒಮ್ಮೆಲೇ ಮುಚ್ಚಿದರೆ ಹಳೆಯ ಓದುಗರು ಬೀದಿಗೆ ಬೀಳುತ್ತಾರೆ. ಆದರೆ ಇವತ್ತು ಶಾಲೆಯಲ್ಲಿ ಓದುವ ಮಗು ಹೊಸ ಹೆಸರನ್ನೇ ಟೈಪ್ ಮಾಡುತ್ತದೆ. ಎರಡೂ ಬಾಗಿಲು ಒಂದೇ ಮನೆಗೆ ತೆರೆಯಬೇಕು. ಅಂಗಡಿಯವರಿಗೂ ಇದೇ ಮಾತು: ಜನ ಬರೆಯಬಹುದಾದ ಎರಡು ಕಾಗುಣಿತಗಳನ್ನೂ ಕೊಂಡು, ಒಂದರಿಂದ ಇನ್ನೊಂದಕ್ಕೆ ದಾರಿ ತಿರುಗಿಸಿ.

ಈ ಸೀಮೆಯಲ್ಲಿ ನನಗೆ ಅತ್ಯುತ್ತಮ ಎನಿಸುವ ವಿಳಾಸ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಕುವೆಂಪು ವಿಶ್ವವಿದ್ಯಾಲಯ ಎಂಬ ಉದ್ದದ ಹೆಸರನ್ನೆಲ್ಲ ಬಿಟ್ಟು, ಬರೀ ‘ಕುವೆಂಪು’, ಆಮೇಲೆ ‘ಎಸಿ ಡಾಟ್ ಇನ್’. ಇಂಗ್ಲಿಷಿನಲ್ಲಿ ಏಳೇ ಅಕ್ಷರ. ಕಾಗುಣಿತ ಎಂದೋ ನಿಂತುಹೋಗಿದೆ, ಅಡ್ಡಗೆರೆಯಿಲ್ಲ, ಅಂಕಿಯಿಲ್ಲ. ಬಸ್ಸಿನಲ್ಲಿ ಕೂಗಿ ಹೇಳಿದರೂ ಪಕ್ಕದವರು ಸರಿಯಾಗಿ ಬರೆದುಕೊಳ್ಳುತ್ತಾರೆ.

ಕನ್ನಡ ಲಿಪಿಯಲ್ಲೇ ‘.ಭಾರತ’ ವಿಳಾಸ ಪಡೆಯುವ ಅವಕಾಶ ಇದೆ. ಎಚ್‌ನ ಜಗಳ ಅಲ್ಲಿ ಹುಟ್ಟುವುದೇ ಇಲ್ಲ. ನನಗೆ ಇದರ ಮೇಲೆ ಪ್ರೀತಿ. ಆದರೂ ಅದೊಂದನ್ನೇ ನಂಬಿ ವ್ಯಾಪಾರ ಮಾಡಿ ಎನ್ನಲಾರೆ. ಒಳಗೆ ಅದು ಎಕ್ಸ್ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಓಡಾಡುತ್ತದೆ, ಕೆಲವು ಅರ್ಜಿ ನಮೂನೆಗಳು ಕನ್ನಡದ ಇಮೇಲನ್ನು ಒಪ್ಪುವುದಿಲ್ಲ. ಸದ್ಯಕ್ಕೆ ಜೊತೆಗಿರಲಿ.

ಆರಿಸುವುದಕ್ಕಿಂತ ಕಾಪಾಡಿಕೊಳ್ಳುವುದರಲ್ಲಿ ನಾವು ಹೆಚ್ಚು ಸೋಲುತ್ತಿದ್ದೇವೆ. ಡೊಮೈನನ್ನು ಯಾರೂ ಕ್ರಯಕ್ಕೆ ಕೊಳ್ಳುವುದಿಲ್ಲ. ಅದು ವರ್ಷದ ಲೆಕ್ಕದ ಬಾಡಿಗೆ, ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಶಿವಮೊಗ್ಗದಲ್ಲಿ ಗಿಡಗಳ ನರ್ಸರಿ ನಡೆಸುವ ನನ್ನ ಪರಿಚಯದವರು ಸೈಟು ಮಾಡಿಕೊಟ್ಟ ಹುಡುಗನ ಇಮೇಲಿನಲ್ಲೇ ನೋಂದಣಿ ಮಾಡಿಸಿದ್ದರು. ಹುಡುಗ ಬೆಂಗಳೂರು ಸೇರಿದ, ನವೀಕರಣದ ಸೂಚನೆಗಳೆಲ್ಲ ಅವನು ತೆರೆಯದ ಇಮೇಲಿಗೆ ಹೋದವು. ಅವಧಿ ಮುಗಿದ ಡಾಟ್ ಕಾಮ್ ಹೆಸರನ್ನು ಸ್ವಲ್ಪ ದಿನ ಹೆಚ್ಚು ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಅದೂ ದಾಟಿತು. ಈಗ ಆ ಹೆಸರು ಯಾರದೋ ಕೈಯಲ್ಲಿದೆ, ಇವರ ವಿಸಿಟಿಂಗ್ ಕಾರ್ಡಿನಲ್ಲಿ ಇನ್ನೂ ಅಚ್ಚಾಗಿದೆ.

ಕಾನೂನು ಇಲ್ಲವೆಂದಲ್ಲ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಕಂಪನಿಗಳ ನಡುವಿನ ಡೊಮೈನ್ ಹೆಸರಿನ ಮೊಕದ್ದಮೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ ಹೈಕೋರ್ಟ್ ದಾಟಿ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಸಲ್ಲುತ್ತದೆ ಎಂದಿತು ಕೋರ್ಟು. ಆದರೆ ಮರೆತು ನವೀಕರಿಸದ ನರ್ಸರಿಯವರು ಅಷ್ಟು ದೂರ ಹೋಗಬಲ್ಲರೇ?

ಈ ಬರಹ ಓದುತ್ತಿರುವವರಲ್ಲಿ ಯಾರಿಗಾದರೂ ವೆಬ್‌ಸೈಟ್ ಇದ್ದರೆ, ಇವತ್ತು ಸಂಜೆಯೇ ನೋಂದಣಿ ಖಾತೆ ತೆರೆದು ನೋಡಿ: ಹೆಸರು ಯಾರದು, ಇಮೇಲ್ ಯಾರದು, ಅವಧಿ ಮುಗಿಯುವುದು ಯಾವ ತಾರೀಖಿಗೆ. ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲದಿದ್ದರೆ ಮಾಡಿಕೊಟ್ಟವರಿಗೆ ಈಗಲೇ ಫೋನ್ ಮಾಡಿ.