ಸೈಕಲ್ ಸವಾರನ ಋಣದ ಲೆಕ್ಕ

ದೂರದ ಸೈಕಲ್ ಸವಾರಿಯ ಬಗ್ಗೆ ಬರೆಯುವವರೆಲ್ಲ ಒಂದಲ್ಲ ಒಂದು ಕಡೆ ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ಕೈಮುಗಿಯುತ್ತಾರೆ. ನೀರು ಕೊಟ್ಟ ಅಜ್ಜಿ, ದುಡ್ಡು ಬೇಡವೆಂದ ಪಂಚರ್ ಅಂಗಡಿಯವನು, ಮಳೆಯಲ್ಲಿ ಜಗಲಿ ಬಿಟ್ಟುಕೊಟ್ಟ ಮನೆಯವರು ಎಲ್ಲರೂ ನಿಜವೇ. ಆದರೆ ಇದನ್ನೆಲ್ಲ ಸವಾರ ತನ್ನ ಅದೃಷ್ಟದ ಖಾತೆಗೆ ಬರೆದುಕೊಳ್ಳುವುದು ತಪ್ಪು. ದಾರಿಹೋಕರನ್ನು ನೋಡಿಕೊಳ್ಳುವುದು ಈ ನಾಡಿನ ಊರುಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ಏರ್ಪಾಟು. ಅದನ್ನು ನೆಚ್ಚಿಕೊಂಡು ಹೊರಡುವವರಿಗೆ, ನೆರವು ಪಡೆಯುವ ರೀತಿಯೂ ಏರಿನಲ್ಲಿ ಗೇರ್ ಬದಲಿಸುವಷ್ಟೇ ಅಗತ್ಯವಾದ ವಿದ್ಯೆ.

ಈ ಮಾತು ಮೊದಲು ಡಿಕ್ಕಿ ಹೊಡೆಯುವುದು ಕ್ರೀಡೆಯ ನಿಯಮಕ್ಕೇ. 1904ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನ ಕಟ್ಟಳೆಯಂತೆ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಹೊರಟವನು ಸ್ವಾವಲಂಬಿಯಾಗಿರಬೇಕು, ಹಿಂದೆ ಕಾರು ಕಟ್ಟಿಕೊಂಡು ಹೋಗುವಂತಿಲ್ಲ. ಸೂಕ್ಷ್ಮವಾಗಿ ನೋಡಿದರೆ ಈ ನಿಯಮ ದೂರವಿಡುವುದು ಸವಾರನ ಖಾಸಗಿ ಪರಿವಾರವನ್ನು ಮಾತ್ರ, ದಾರಿಯ ಜನರನ್ನಲ್ಲ. ಜೊತೆಯಲ್ಲಿ ಕಾರಿಲ್ಲದವನು ನೀರಿಗೆ ಊರಿನ ನಲ್ಲಿಗೇ ಹೋಗಬೇಕು, ಊಟಕ್ಕೆ ಊರಿನ ಅಂಗಡಿಯಲ್ಲೇ ನಿಲ್ಲಬೇಕು. 200 ಕಿಲೋಮೀಟರಿಗೆ ಕೊಡುವ ಗಡುವು ಹದಿಮೂರೂವರೆ ಗಂಟೆ, ಅಂದರೆ ಗಂಟೆಗೆ ಹದಿನೈದು ಕಿಲೋಮೀಟರಿಗೂ ತುಸು ಕಡಿಮೆ. ಆ ವೇಗದಲ್ಲಿ ಜಗಲಿಯ ಮೇಲೆ ಕೂತವರ ಮುಖ ಕಾಣುತ್ತದೆ, ಅವರು ಕೇಳಿದ ‘ಯಾವೂರು?’ ಎಂಬುದಕ್ಕೆ ಉತ್ತರ ಕೊಡಲು ಪುರುಸೊತ್ತಿರುತ್ತದೆ. 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯಲ್ಲಿ ಇಂದಿಗೂ ಹಳ್ಳಿಗರು ಮನೆಯ ಮುಂದೆ ಮೇಜು ಹಾಕಿ ನೀರು, ಕಾಫಿ ಇಟ್ಟು ಕಾಯುತ್ತಾರೆ. ಸ್ವಾವಲಂಬನೆಯ ತವರಿನಲ್ಲೇ ಆತಿಥ್ಯ ಹೀಗೆ ಬೇರುಬಿಟ್ಟಿರುವಾಗ ಎರಡಕ್ಕೂ ವೈರವಿದೆ ಎನ್ನಲಾಗದು.

ನಮ್ಮಲ್ಲಿ ಇದನ್ನು ಪರೀಕ್ಷಿಸಲು ಹಂಗಳದ ದಾರಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಮೈಸೂರಿನಿಂದ ನಂಜನಗೂಡು, ಬೇಗೂರು, ಗುಂಡ್ಲುಪೇಟೆ ದಾಟಿ ಹಂಗಳಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರು. ಅಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡ ಮುಟ್ಟಿ, ತೆರಕಣಾಂಬಿ, ಚಾಮರಾಜನಗರದ ಮೇಲೆ ಮರಳಿದರೆ ಇನ್ನೂರರ ಆಸುಪಾಸು. 1,454 ಮೀಟರ್ ಎತ್ತರದ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಮೇಲಕ್ಕೆ ಹೋಗುವುದು ಸರ್ಕಾರಿ ಬಸ್ಸು. ಮಳೆ ನೆರಳಿನ ಈ ಬಯಲಿನಲ್ಲಿ ಜುಲೈ ಹೊತ್ತಿಗೆ ಚೆಂಡುಹೂ, ಸೂರ್ಯಕಾಂತಿ ಹೊಲಗಳು ಅರಳಿರುತ್ತವೆ. ಕಣ್ಣಿಗೆ ಹಬ್ಬ, ತಲೆಗೆ ಮಾತ್ರ ನೆರಳಿಲ್ಲ. ಹಂಗಳದ ಮುಂದೆ ಮೇಲುಕಾಮನಹಳ್ಳಿಯ ತಪಾಸಣೆ ಗೇಟು, ಆಮೇಲೆ ಬಂಡೀಪುರದ ಕಾಡು. 2009ರಿಂದ ಆ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ಬಂದ್. ಆನೆ ಅಡ್ಡಾಡುವ ಕಡೆ ಸೈಕಲ್ಲಿಗೆ ಯಾವ ರಕ್ಷಣೆಯೂ ಇಲ್ಲವಾದ್ದರಿಂದ ಹಂಗಳದಲ್ಲೇ ತಿರುಗಿಕೊಳ್ಳುವುದು ಜಾಣತನ. ಹೊತ್ತು ಮೀರಿ ಬಂದವನಿಗೆ ಊರೇ ದಿಕ್ಕು.

ಊರು ದಿಕ್ಕಾಗುವುದು ಈ ಸೀಮೆಗೆ ಹೊಸದಲ್ಲ. ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಹಳೆಯ ದಾರಿಗಳಲ್ಲಿ ಹೊರೆಗಲ್ಲು ನೆಡುತ್ತಿದ್ದರು, ಬೇಸಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಶಿವರಾತ್ರಿಗೆ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರಿಗೆ ದಾರಿಯ ಊರವರು ಈಗಲೂ ಮಜ್ಜಿಗೆ, ಪಾನಕ, ಊಟ ಹಾಕುತ್ತಾರೆ. ಕಂಸಾಳೆಯವರು, ನೀಲಗಾರರು ಊರೂರು ಹಾಡಿಕೊಂಡು ಹೋಗಿ ಭಿಕ್ಷೆ ಪಡೆದ ನೆಲವಿದು. ದೂರದಿಂದ ಬೆವರು ಸುರಿಸಿಕೊಂಡು ಬಂದವನನ್ನು ಕಂಡರೆ ಏನು ಮಾಡಬೇಕೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೆಲ್ಲ ಹಳ್ಳಿಯನ್ನು ಸ್ವರ್ಗ ಮಾಡುವ ಪಟ್ಟಣದವರ ಕಣ್ಣು ಎಂಬ ಆಕ್ಷೇಪವಿದೆ, ಅದು ತೂಕದ್ದು. ಹಳೆಯ ಅರವಟ್ಟಿಗೆಯಲ್ಲೂ ಯಾರಿಗೆ ಲೋಟ, ಯಾರಿಗೆ ಬೊಗಸೆ ಎಂಬ ಜಾತಿಯ ಲೆಕ್ಕವಿತ್ತು. ಹೋಟೆಲಿನ ಜೋಡಿ ಲೋಟ ಅದರದೇ ಸಂತಾನ. ಹೆಲ್ಮೆಟ್ಟು, ಕನ್ನಡಕ, ಲಕ್ಷದ ಸೈಕಲ್ಲು ಇರುವವನಿಗೆ ಸಿಗುವ ಅಕ್ಕರೆ, ಹಳೆಯ ಅಟ್ಲಾಸ್ ತುಳಿದುಕೊಂಡು ಕೂಲಿಗೆ ಹೋಗುವವನಿಗೆ ಸಿಗುವುದಿಲ್ಲ. ಒಂಟಿ ಹೆಣ್ಣುಮಗಳು ಜಗಲಿಯ ಕರೆಯನ್ನು ಒಪ್ಪುವ ಮೊದಲು ಎರಡು ಸಲ ಯೋಚಿಸಬೇಕಾಗುತ್ತದೆ. ಇವನ್ನೆಲ್ಲ ಒಪ್ಪಿದರೆ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ಕರುಣೆ ಬರೀ ಮನಸ್ಸಿನ ಗುಣವಾಗಿದ್ದರೆ ಅದನ್ನು ತಿದ್ದುವ ದಾರಿಯಿರಲಿಲ್ಲ. ಏರ್ಪಾಟು ಎಂದಾದರೆ ಅದರ ಬಾಗಿಲು ಯಾರಿಗೆ ಮುಚ್ಚಿದೆ ಎಂದು ಕೇಳಬಹುದು, ತೆಗೆಸಲೂಬಹುದು. ಸುಲಭವಾಗಿ ನೀರು ಸಿಕ್ಕ ಸವಾರನಿಗೇ ಆ ಪ್ರಶ್ನೆ ಕೇಳುವ ಹೊಣೆ ಹೆಚ್ಚು.

ಇನ್ನೊಂದು ಆಕ್ಷೇಪ: ಜನರ ಒಳ್ಳೆಯತನ ನೆಚ್ಚಿಕೊಂಡರೆ ಸಿದ್ಧತೆ ಸಡಿಲವಾಗುವುದಿಲ್ಲವೇ? ಊರು ಏನು ಕೊಡಬಲ್ಲದು, ಏನು ಕೊಡಲಾರದು ಎಂದು ತಿಳಿಯದಿದ್ದರೆ ಖಂಡಿತ ಆಗುತ್ತದೆ. ನೀರು, ನೆರಳು, ಬಾಳೆಹಣ್ಣು, ಫೋನಿಗೆ ಚಾರ್ಜು, ಲಗೇಜ್ ಆಟೋದಲ್ಲಿ ಜಾಗ ಎಲ್ಲೆಡೆ ಸಿಗುತ್ತವೆ. ಆದರೆ ರೇಸಿಂಗ್ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಪಂಚರ್ ಅಂಗಡಿಯ ಗಾಳಿ ಪೈಪು ಹಿಡಿಯುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್, ಎರಡು ಟ್ಯೂಬು, ಚೈನಿನ ಕೊಂಡಿ, ದೀಪ ಇವು ಸವಾರನ ಚೀಲದಲ್ಲೇ ಇರಬೇಕು. ತನ್ನ ಉಡಾಫೆಯ ಹೊರೆಯನ್ನು ಊರಿನ ಮೇಲೆ ಹಾಕದೆ ಇರುವುದೇ ಸ್ವಾವಲಂಬನೆಯ ಸರಿಯಾದ ಅರ್ಥ. ಹಾಗೆಯೇ, ಜನ ಒಳ್ಳೆಯವರೆಂಬ ನೆಪ ಹೇಳಿ ಹೆದ್ದಾರಿಯ ಅಂಚನ್ನು ಹಾಳುಬಿಡಲು ಸರ್ಕಾರಕ್ಕೂ ಅಧಿಕಾರವಿಲ್ಲ. ಲಾರಿಯ ಚಕ್ರಕ್ಕೂ ಸೈಕಲ್ಲಿಗೂ ನಡುವೆ ಬೇಕಾದ ಮೂರಡಿ ಡಾಂಬರನ್ನು ಯಾವ ಅಜ್ಜಿಯೂ ದಾನ ಮಾಡಲಾರಳು.

ಇನ್ನು ಋಣ ತೀರಿಸುವ ಮಾತು. ಕೊಟ್ಟವರು ಬೇಡವೆಂದ ದುಡ್ಡನ್ನು ಬಲವಂತವಾಗಿ ಕೈಗಿಟ್ಟರೆ ಋಣ ತೀರುವುದಿಲ್ಲ, ಅವರ ಮನಸ್ಸು ನೋಯುತ್ತದೆ. ಬೆಲೆಯಿರುವುದಕ್ಕೆ ಚೌಕಾಸಿಯಿಲ್ಲದೆ ಬೆಲೆ ಕೊಡಬೇಕು. ಹೆದ್ದಾರಿಯ ಹೊಳೆಯುವ ಹೋಟೆಲು ಬಿಟ್ಟು ಊರೊಳಗಿನ ಅಂಗಡಿಯಲ್ಲಿ ತಿನ್ನಬೇಕು. ಬ್ರೆವೆ ನಡೆಸುವವರು ಕಾರ್ಡಿಗೆ ಮುದ್ರೆ ಒತ್ತಿಸುವ ಠಾಣೆಯನ್ನು ಹಂಗಳದಂಥ ಊರಿನ ಟೀ ಅಂಗಡಿಗೇ ಕೊಡಬಹುದು. ಕೇಳದೆ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯಬಾರದು. ಕಾರಿನಲ್ಲಿ ಹೋಗುವಾಗ ದಾರಿಬದಿಯಲ್ಲಿ ಚೈನು ಹರಿದುಕೊಂಡು ನಿಂತ ಹಾಲಿನವನನ್ನು ಕಂಡರೆ ಬ್ರೇಕು ಹಾಕಬೇಕು. ಊರಿನಿಂದ ಪಡೆದವನು ದಾರಿಗೆ ಸಲ್ಲಿಸಿದರೆ ಮಾತ್ರ ಮುಂದಿನ ಸವಾರನಿಗೂ ನೀರು ಹುಟ್ಟುತ್ತದೆ.