ಒಗಟು, ಕಾರ್ಣಿಕ, ಬೆಡಗು

ಶರಣರ ಬೆಡಗಿನ ವಚನಗಳನ್ನು ಕುರಿತು ಬರೆಯುವವರಲ್ಲಿ ಹಲವರು ಒಂದೇ ಬಗೆಯ ವಾಕ್ಯದಿಂದ ಆರಂಭಿಸುತ್ತಾರೆ: ಬೆಡಗೆಂದರೆ ಒಗಟು, ಅದರ ಒಳಗಿನ ಅರ್ಥವನ್ನು ಬಲ್ಲವರಿಂದ ತಿಳಿಯಬೇಕು, ಎಂದು. ಈ ವಾಕ್ಯದ ಉತ್ತರಾರ್ಧವನ್ನು ಯಾರೂ ಅಲ್ಲಗಳೆಯಲಾರರು. ಪೂರ್ವಾರ್ಧ ಮಾತ್ರ ವಿಚಾರಣೀಯವಾದುದು. ಬೆಡಗು ಒಗಟೇ ಆಗಿದ್ದರೆ ಅದನ್ನು ಒಮ್ಮೆ ಬಿಡಿಸಿದ ಮೇಲೆ ವಚನದ ಕೆಲಸ ಮುಗಿಯಬೇಕು. ಆದರೆ ಪ್ರಭುದೇವರ ವಚನವೊಂದರ ಅರ್ಥವನ್ನು ಬಾಲ್ಯದಲ್ಲಿಯೇ ಕಲಿತವರು ಅರವತ್ತರ ವಯಸ್ಸಿನಲ್ಲಿಯೂ ಅದೇ ವಚನಕ್ಕೆ ಮರಳುವುದುಂಟು. ಉತ್ತರ ಗೊತ್ತಿರುವ ಒಗಟಿಗೆ ಹಾಗೆ ಮರಳುವವರು ಯಾರೂ ಇಲ್ಲ. ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕದೆ ಬೆಡಗಿನ ವಿಮರ್ಶೆ ಮುಂದೆ ಸಾಗದು.

ಹುಡುಕುವುದಕ್ಕೆ ದೂರ ಹೋಗಬೇಕಾದುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳ ಸೀಮೆಯಲ್ಲಿ ಮರೆಮಾತಿನ ಮೂರು ಬಗೆಗಳು ಅಕ್ಕಪಕ್ಕದಲ್ಲಿಯೇ ಬಾಳಿಕೊಂಡು ಬಂದಿವೆ. ಮನೆಯ ಜಗಲಿಯ ಮೇಲೆ ಒಗಟು ಮತ್ತು ಒಡಪು. ಮೈಲಾರದ ಜಾತ್ರೆಯಲ್ಲಿ ಕಾರ್ಣಿಕ. ಮಠದ ಪುರಾಣ ಪ್ರವಚನಗಳಲ್ಲಿ, ರಾತ್ರಿಯ ಭಜನೆಗಳಲ್ಲಿ ಬೆಡಗು. ಇವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇರಿಸಿ ನೋಡಿದಾಗ ಪ್ರತಿಯೊಂದರ ರಚನೆಯೂ ಸ್ಪಷ್ಟವಾಗುತ್ತದೆ.

ಒಡಪು ಎಲ್ಲಕ್ಕಿಂತ ಸರಳವಾದುದು. ಮದುವೆಯ ಮನೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳೆಂದು ನಾದಿನಿ ಕಾಡುತ್ತಾಳೆ. ಆಕೆ ಹೂವು, ಹಣ್ಣು, ದೇವರ ಗುಡಿ ಎಲ್ಲವನ್ನೂ ಸುತ್ತಿ ಬಂದು ಕೊನೆಯಲ್ಲಿ ಹೆಸರನ್ನು ಇರಿಸುತ್ತಾಳೆ. ಉತ್ತರವು ನೆರೆದವರಿಗೆಲ್ಲ ಮೊದಲೇ ತಿಳಿದದ್ದು. ಸೊಗಸಿರುವುದು ಅದು ಬರುವ ತಡದಲ್ಲಿ. ಒಗಟಿನಲ್ಲಿ ಹಾಗಲ್ಲ. ಅಲ್ಲಿ ಉತ್ತರವು ಕಟ್ಟಿದವನೊಬ್ಬನಿಗೆ ಗೊತ್ತು, ಕೇಳುವವನಿಗೆ ಗೊತ್ತಿಲ್ಲ. ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯ ಕಡೆಗೆ ಒಪ್ಪುವಂತೆ ಇಂತಹದೊಂದನ್ನು ಕಟ್ಟಿ ನೋಡಬಹುದು:

ಹೊತ್ತು ಮುಳುಗಿದ ಮೇಲೆ ಬಾಯಿ ತೆರೆಯುತ್ತಾಳೆ. ಬಾಯಿ ತೆರೆದರೂ ಮಾತಿಲ್ಲ. ಮಾತಿಲ್ಲದಿದ್ದರೂ ಕೇರಿಗೆಲ್ಲ ಸುದ್ದಿ.

ಉತ್ತರ ಮಲ್ಲಿಗೆಯ ಮೊಗ್ಗು. ಇದರ ಅಂಗಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಬೇಕು. ‘ಹೊತ್ತು ಮುಳುಗಿದ ಮೇಲೆ’ ಎಂಬುದಿಲ್ಲದಿದ್ದರೆ ಹಗಲಿನಲ್ಲಿ ಅರಳುವ ಸಂಪಿಗೆಯೂ ಉತ್ತರವಾದೀತು. ‘ಮಾತಿಲ್ಲ’ ಎಂಬುದನ್ನು ಬಿಟ್ಟರೆ ಗೂಗೆ ಬಂದು ಕುಳಿತುಕೊಳ್ಳುತ್ತದೆ. ‘ಕೇರಿಗೆಲ್ಲ ಸುದ್ದಿ’ ಎಂಬುದು ಹೋದರೆ ಕೆರೆಯ ನೈದಿಲೆಗೂ ಹಕ್ಕುಂಟಾಗುತ್ತದೆ. ಹೀಗೆ ಪ್ರತಿಯೊಂದು ಮಾತೂ ಒಂದೊಂದು ತಪ್ಪು ಉತ್ತರವನ್ನು ಬಾಗಿಲಲ್ಲಿಯೇ ತಡೆಯುವ ಕಾವಲುಗಾರನಾಗಿರಬೇಕು. ಕಾವಲಿಲ್ಲದ ಮಾತು ಒಗಟಿನಲ್ಲಿ ಹೊರೆ. ಒಗಟು ಕಟ್ಟುವವನಿಗೆ ದಾರಿ ತಪ್ಪಿಸುವ ಅಧಿಕಾರವಿದೆ, ಸುಳ್ಳು ಹೇಳುವ ಅಧಿಕಾರವಿಲ್ಲ. ‘ತೆರೆಯುತ್ತಾಳೆ’ ಎಂದು ಹೆಣ್ಣನ್ನು ತೋರಿಸುವುದು ದಾರಿ ತಪ್ಪಿಸುವಿಕೆ. ಉತ್ತರ ತಿಳಿದ ಮೇಲೆ ಅದು ಸಲ್ಲುತ್ತದೆ, ಆದ್ದರಿಂದ ಅದು ಸುಳ್ಳಲ್ಲ. ಹೂವನ್ನೂ ಒಗಟನ್ನೂ ಕನ್ನಡಿಗರು ‘ಬಿಡಿಸುತ್ತೇವೆ’ ಎನ್ನುತ್ತಾರೆ. ಬಿಡಿಸಿದ ಹೂವು ಮರಳಿ ಗಿಡಕ್ಕೆ ಅಂಟದು. ಬಿಡಿಸಿದ ಒಗಟೂ ಅಷ್ಟೇ.

ಪತ್ರಿಕೆಗಳ ಪದಬಂಧವು ಇದೇ ಕುಲಕ್ಕೆ ಸೇರಿದ ಹೊಸ ಕೂಸು. 1913ರಲ್ಲಿ ಅಮೆರಿಕದ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹುಟ್ಟಿದ ಈ ಆಟ ಕನ್ನಡಕ್ಕೆ ಬಂದಾಗ ಅದರ ರಚನೆ ಕಠಿಣತರವಾಯಿತು. ಇಲ್ಲಿ ಒಂದು ಮನೆಗೆ ಒಂದು ಅಕ್ಷರ. ಅಡ್ಡಸಾಲಿನಲ್ಲಿ ‘ಕಿ’ ಬಂದರೆ ಕೆಳಸಾಲಿನಲ್ಲಿಯೂ ‘ಕಿ’ಯೇ ಬರಬೇಕು, ‘ಕ’ ಆಗದು. ಒತ್ತಕ್ಷರ ಬಂದರಂತೂ ಕಟ್ಟುವವನಿಗೆ ಬೆವರು. ಆದರೂ ಅದರ ಧರ್ಮ ಒಗಟಿನದೇ: ಉತ್ತರ ಒಂದೇ, ಅದು ಮೊದಲೇ ಸಿದ್ಧವಾಗಿದೆ, ಸಿಕ್ಕಿದ ಮೇಲೆ ಆಟ ಮುಗಿಯಿತು.

ಸಂಸ್ಕೃತದ ಆಲಂಕಾರಿಕರು ಇದನ್ನು ಪ್ರಹೇಲಿಕೆ ಎಂದು ಕರೆದು ಅದರ ಸ್ಥಾನವನ್ನು ನಿರ್ಣಯಿಸಿದ್ದಾರೆ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ಹೇಳಿ, ವಿನೋದಗೋಷ್ಠಿಯಲ್ಲಿ, ಜನಸಂದಣಿಯ ನಡುವಣ ಗುಟ್ಟಿನ ಮಂತ್ರಾಲೋಚನೆಯಲ್ಲಿ, ಎದುರಾಳಿಯನ್ನು ಮರುಳುಗೊಳಿಸುವಲ್ಲಿ ಅವಕ್ಕೆ ಉಪಯೋಗವುಂಟೆನ್ನುತ್ತಾನೆ. ಭಾಮಹನು ಅಷ್ಟು ಉದಾರನಲ್ಲ. ವ್ಯಾಖ್ಯಾನದ ಊರುಗೋಲಿಲ್ಲದೆ ನಡೆಯಲಾರದ ಕಾವ್ಯವು ಪಂಡಿತರಿಗಷ್ಟೇ ಹಬ್ಬವಾಗುತ್ತದೆಂಬುದು ಅವನ ಆಕ್ಷೇಪ. ಬೆಡಗನ್ನು ಒಗಟೆಂದು ಒಪ್ಪಿಕೊಂಡವರು ಈ ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ದಂಡಿ ಹೇಳಿದ ಉಪಯೋಗಗಳಲ್ಲಿ ಯಾವುದೂ ಪ್ರಭುದೇವರಿಗೆ ಬೇಕಾಗಿರಲಿಲ್ಲ.

ಎರಡನೆಯ ಬಗೆ ಕಾರ್ಣಿಕ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಜನಸಾಗರ ಬಲ್ಲವರಿಗೆ ಅದರ ವರ್ಣನೆ ಅನಗತ್ಯ. ಉಪವಾಸವ್ರತದಲ್ಲಿದ್ದ ಗೊರವಯ್ಯನು ಡೆಂಕನಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೇ ನೆಲವೆಲ್ಲ ನಿಶ್ಶಬ್ದವಾಗುತ್ತದೆ. ಆಮೇಲೆ ಒಂದು ಮಾತು, ಒಂದೇ ಮಾತು. ಅದನ್ನು ನುಡಿದು ಅವನು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದ ಗೊರವರು ಹಿಡಿದುಕೊಳ್ಳುತ್ತಾರೆ. ಆ ಮಾತನ್ನು ರೈತನು ಮಳೆಬೆಳೆಗೆ, ವರ್ತಕನು ಧಾರಣೆಗೆ, ರಾಜಕಾರಣಿಯು ತನ್ನ ಕುರ್ಚಿಗೆ ಅನ್ವಯಿಸಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲಿ ಕಾವಲುಗಾರರಿಲ್ಲ, ಎಲ್ಲ ಬಾಗಿಲುಗಳೂ ತೆರೆದಿವೆ. ಉತ್ತರವು ನುಡಿದವನಲ್ಲಿಯೂ ಇಲ್ಲ, ಕೇಳಿದವನಲ್ಲಿಯೂ ಇಲ್ಲ. ಅದು ಬರಲಿರುವ ವರ್ಷದಲ್ಲಿದೆ. ಒಗಟನ್ನು ಬಿಡಿಸಲಾರದವನು ಸೋತನೆಂಬುದುಂಟು. ಕಾರ್ಣಿಕದ ಅರ್ಥ ಹೇಳಿದವನು ಸೋತನೆಂದು ಯಾರೂ ಹೇಳಲಾರರು, ಏಕೆಂದರೆ ವರ್ಷಾಂತ್ಯಕ್ಕೆ ಯಾವುದೋ ಒಂದು ಅರ್ಥಕ್ಕೆ ಘಟನೆಯೊಂದು ಒದಗಿಯೇ ಒದಗುತ್ತದೆ. ಭಕ್ತರ ಶ್ರದ್ಧೆಯನ್ನು ಹಗುರಮಾಡುವ ಮಾತಲ್ಲ ಇದು. ಆ ನುಡಿಯ ರಚನೆಯೇ ಅಂತಹುದು.

ಇನ್ನು ಬೆಡಗು. ಅದನ್ನು ಒಗಟೆಂದು ಭಾವಿಸುವ ರೂಢಿ ಟೀಕಾಕಾರರಿಂದ ಬಂದುದು. ಈ ಸೀಮೆಯ ಮಗ್ಗುಲಲ್ಲಿಯೇ ಇರುವ ವಿಜಯನಗರದಲ್ಲಿ ಪ್ರೌಢದೇವರಾಯನು 1424ರಿಂದ 1446ರವರೆಗೆ ಆಳಿದ ಕಾಲವು ವಚನಗಳ ಪಾಲಿಗೆ ಪುನರ್ಜನ್ಮದ ಕಾಲ. ಜಕ್ಕಣಾರ್ಯ, ಮಹಲಿಂಗದೇವ, ಕಲ್ಲುಮಠದ ಪ್ರಭುದೇವ ಮೊದಲಾದವರ ಪರಂಪರೆ ವಚನಗಳನ್ನು ಸ್ಥಲಾನುಸಾರವಾಗಿ ಜೋಡಿಸಿ ಟೀಕೆಗಳೊಡನೆ ಉಳಿಸಿಕೊಟ್ಟಿತು. ಅವರ ಉಪಕಾರ ಅಪಾರ. ಅವರಿಲ್ಲದಿದ್ದರೆ ಅನೇಕ ಬೆಡಗುಗಳು ಹುಚ್ಚರ ಮಾತೆಂದು ಗರಿಗಳಿಂದ ಉದುರಿಹೋಗುತ್ತಿದ್ದವು. ಆದರೆ ಟೀಕೆಯ ಪದ್ಧತಿ ಕ್ರಮೇಣ ಒಂದು ಕೋಷ್ಟಕವಾಯಿತು: ಮೂರು ಬಂದರೆ ಮಲತ್ರಯ, ಐದು ಬಂದರೆ ಪಂಚೇಂದ್ರಿಯ, ಆರು ಬಂದರೆ ಷಟ್‌ಚಕ್ರ ಅಥವಾ ಷಟ್‌ಸ್ಥಲ, ಎಂಟು ಬಂದರೆ ಅಷ್ಟಮದ. ಕೋಷ್ಟಕವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿ ವಚನವನ್ನು ಓದದೆಯೇ ಅರ್ಥ ಬರೆಯಬಲ್ಲನು. ಪರೀಕ್ಷೆಗಳಲ್ಲಿ ಹಾಗೆ ಬರೆದವರಿಗೆ ಪೂರ್ಣಾಂಕಗಳು ದೊರೆತಿರುವುದೂ ಸುಳ್ಳಲ್ಲ.

ಈ ಕೋಷ್ಟಕವನ್ನು ಒಗಟಿನ ಧರ್ಮದಿಂದಲೇ ಪರೀಕ್ಷಿಸಬಹುದು. ಪ್ರಭುದೇವರ ಪ್ರಸಿದ್ಧವಾದ ಒಂದು ವಚನದಲ್ಲಿ ಊರಿನ ನಡುವೆ ಒಂದು ಕಾಡು. ಅದರಲ್ಲಿ ಐದು ಹೆಣಗಳು. ಬಳಗ ದೊಡ್ಡದಾದ್ದರಿಂದ ಬಂದವರು ಬಂದಂತೆ ಅಳುತ್ತಾರೆ. ಹೆಣ ಬೇಯುವುದಿಲ್ಲ, ಕಾಡಿನ ಬೆಂಕಿ ಆರುವುದಿಲ್ಲ. ಆದರೆ ಮಾಡ ಉರಿದುಹೋಗುತ್ತದೆ. ಕೋಷ್ಟಕದ ಪ್ರಕಾರ ಊರು ದೇಹ, ಐದು ಹೆಣ ಪಂಚೇಂದ್ರಿಯ, ಬಳಗ ಕರಣಾದಿಗಳು. ಸರಿಯೇ, ಆದರೆ ಐದು ಎಂಬ ಸಂಖ್ಯೆಗೆ ಪಂಚಭೂತವೂ ಪಂಚಪ್ರಾಣವೂ ಸಲ್ಲುತ್ತವೆ, ಅವುಗಳನ್ನು ತಡೆಯುವ ಕಾವಲು ಎಲ್ಲಿದೆ? ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಅವು ಹೆಣಗಳೇಕೆ? ಇಂದ್ರಿಯಗಳನ್ನು ಐವರು ಕಳ್ಳರೆಂದೋ ಐದು ಕುದುರೆಗಳೆಂದೋ ಹೇಳುವುದು ಎಲ್ಲರಿಗೂ ಪರಿಚಿತವಾದ ದಾರಿ. ಕಳ್ಳನೂ ಕುದುರೆಯೂ ಜೀವವಿರುವಂತಹವು. ಲೋಕವು ಯಾವುದರಿಂದ ತಾನು ಜೀವಂತವಾಗಿದ್ದೇನೆಂದು ನಂಬಿದೆಯೋ ಅದನ್ನೇ ಪ್ರಭುದೇವರು ಹೆಣವೆಂದರು. ಹೆಣವೆಂದ ಕೂಡಲೇ ಅಳುವವರು ಬೇಕಾದರು, ಬಳಗ ಬಂದಿತು. ಕೋಷ್ಟಕವು ಆ ಬಳಗಕ್ಕೆ ‘ಕರಣಗಳು’ ಎಂಬ ಹೆಸರು ಕೊಟ್ಟು ಮುಂದೆ ಸಾಗುತ್ತದೆ. ವಚನವನ್ನು ಕೇಳುತ್ತಿರುವವನಾದರೋ ನೋಡನೋಡುತ್ತಿದ್ದಂತೆ ಆ ಬಳಗದಲ್ಲಿ ತಾನೂ ನಿಂತಿರುವುದನ್ನು ಕಾಣುತ್ತಾನೆ, ಸತ್ತುದನ್ನು ಬಿಡಲಾರದೆ ಅಳುತ್ತಿರುವವರ ಸಾಲಿನಲ್ಲಿ. ಸುಡಬೇಕಾದುದು ಸುಡದೆ, ಉಳಿಯಬೇಕೆಂದುಕೊಂಡ ಮಾಡ ಸುಟ್ಟಾಗ ಅವನಿಗೆ ನೆಲೆಯೆಲ್ಲಿ? ಈ ಪ್ರಶ್ನೆಗೆ ಕೋಷ್ಟಕದಲ್ಲಿ ಮನೆಯಿಲ್ಲ.

ಆದ್ದರಿಂದ ಟೀಕೆ ತಪ್ಪೆಂದಲ್ಲ, ಟೀಕೆ ಹೊಸ್ತಿಲು. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಮನೆಮಾತಾಗಿದೆ. ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಶಿಲ್ಪವನ್ನು ಕಂಡವರು ಆ ಮಾತನ್ನು ಒಪ್ಪುತ್ತಾರೆ. ಗುಡಿಯ ಬಾಗಿಲನ್ನು ತೆರೆದವನು ಅಲ್ಲಿಯೇ ನಿಂತು ದರ್ಶನವಾಯಿತೆಂದರೆ ಹೇಗೋ, ಐದಕ್ಕೆ ಇಂದ್ರಿಯವೆಂದು ಬರೆದು ವಚನ ತಿಳಿಯಿತೆನ್ನುವುದು ಹಾಗೆ.

ಇದಕ್ಕೆ ವಿರುದ್ಧವಾದ ದೋಷವೂ ಈಚಿನ ಬರಹಗಳಲ್ಲಿ ಕಾಣುತ್ತಿದೆ. ಟೀಕೆಗಳೆಲ್ಲ ಸಾಂಪ್ರದಾಯಿಕವೆಂದು ಪಕ್ಕಕ್ಕಿರಿಸಿ, ಬೆಡಗು ಅನೇಕಾರ್ಥಗಳ ಗಣಿ, ಓದುಗನಿಗೆ ಹೊಳೆದುದೇ ಅರ್ಥ ಎನ್ನುವವರು ಹೆಚ್ಚಾಗಿದ್ದಾರೆ. ಒಬ್ಬರಿಗೆ ಅದು ಸಾಮಾಜಿಕ ಪ್ರತಿಭಟನೆ, ಇನ್ನೊಬ್ಬರಿಗೆ ಮನಶ್ಶಾಸ್ತ್ರ, ಮತ್ತೊಬ್ಬರಿಗೆ ಪಾಶ್ಚಾತ್ಯರ ಅತಿವಾಸ್ತವವಾದ. ಹಳಬರು ಬೆಡಗನ್ನು ಒಗಟು ಮಾಡಿದರೆ ಇವರು ಅದನ್ನು ಕಾರ್ಣಿಕ ಮಾಡಿದ್ದಾರೆ. ಯಾವ ಅರ್ಥವೂ ತಪ್ಪಲ್ಲವೆಂದಾದ ಮೇಲೆ ಯಾವ ಅರ್ಥಕ್ಕೂ ಬೆಲೆಯಿಲ್ಲ. ಬೆಡಗಿನಲ್ಲಿ ತಪ್ಪು ಓದು ಇದ್ದೇ ಇದೆ. ಮೇಲಿನ ವಚನವನ್ನು ಸಾವಿನ ಭಯದ ಚಿತ್ರವೆಂದರೆ ಅದು ತಪ್ಪು. ಹೆಣಗಳು ಬೇಯುತ್ತಿಲ್ಲವೆಂಬ ಮಾತೇ ಆ ಓದನ್ನು ತಡೆಯುತ್ತದೆ. ಇಲ್ಲಿಯೂ ಕಾವಲುಗಾರರಿದ್ದಾರೆ, ಒಗಟಿನ ಕಾವಲುಗಾರರು ಕೇಳುವವನನ್ನು ಉತ್ತರಕ್ಕೆ ತಲುಪಿಸಿ ಮನೆಗೆ ಹೋಗುತ್ತಾರೆ, ಇವರು ಅವನ ಜೊತೆಗೆ ಒಳಕ್ಕೆ ಬರುತ್ತಾರೆ.

ಈ ಸಮಸ್ಯೆ ಕನ್ನಡದೊಂದರದೇ ಅಲ್ಲ. ಹರಪ್ರಸಾದ ಶಾಸ್ತ್ರಿಗಳು 1907ರಲ್ಲಿ ನೇಪಾಳದಲ್ಲಿ ಕಂಡು 1916ರಲ್ಲಿ ಪ್ರಕಟಿಸಿದ ಬೌದ್ಧ ಸಿದ್ಧರ ಚರ್ಯಾಪದಗಳಿಗೂ ಮುನಿದತ್ತನ ಸಂಸ್ಕೃತ ಟೀಕೆಯಿದೆ. ಅಲ್ಲಿಯೂ ಟೀಕೆಯಿಲ್ಲದೆ ಹೆಜ್ಜೆಯಿಡಲಾಗದು, ಟೀಕೆಯಲ್ಲಿಯೇ ನಿಂತರೆ ಪದದ ಸೊಗಸು ಆರಿಹೋಗುತ್ತದೆ. ಆ ಮಾತುಗಾರಿಕೆಯನ್ನು ಸಂಧ್ಯಾಭಾಷೆ ಎನ್ನಬೇಕೋ ಸಂಧಾಭಾಷೆ ಎನ್ನಬೇಕೋ, ಅಂದರೆ ಮಬ್ಬಿನ ನುಡಿಯೋ ಉದ್ದೇಶವಿಟ್ಟ ನುಡಿಯೋ ಎಂದು ವಿದ್ವಾಂಸರು ವಾದಿಸಿದ್ದಾರೆ. ಬೆಡಗಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆ. ಅದು ಮಬ್ಬಿನಲ್ಲಿ ಆಡಿದ ಮಾತಲ್ಲ.

ಉದ್ದೇಶವೆಂದ ಮೇಲೆ ಯಾರನ್ನು ಉದ್ದೇಶಿಸಿ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಟೀಕಾಕಾರರಿಗಿಂತ ಶೂನ್ಯಸಂಪಾದನೆಯ ಕರ್ತೃಗಳು ಮೇಲಾದ ಬೆಡಗು ಬಲ್ಲವರು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಸಂಪಾದಕರು ಮಾಡಿದ ದೊಡ್ಡ ಕೆಲಸವೆಂದರೆ ಪ್ರತಿ ಬೆಡಗಿಗೂ ಒಬ್ಬ ಕೇಳುಗನನ್ನು ಒದಗಿಸಿದುದು. ಮುಕ್ತಾಯಕ್ಕನ ಶೋಕದ ಎದುರಿಗೆ ನುಡಿದ ಮಾತು ಒಂದು ಬಗೆಯಾಗಿ ಕೇಳಿಸುತ್ತದೆ, ಸಿದ್ಧರಾಮಯ್ಯನ ಕೆರೆಯ ದಂಡೆಯಲ್ಲಿ ನುಡಿದ ಮಾತು ಇನ್ನೊಂದು ಬಗೆಯಾಗಿ. ಗೋರಕ್ಷನ ಪ್ರಸಂಗವನ್ನು ನೋಡಬೇಕು. ಅವನ ವಜ್ರದೇಹಕ್ಕೆ ತಗುಲಿದ ಖಡ್ಗ ಖಣಿಲೆಂದಿತು; ಪ್ರಭುದೇವರ ಮೇಲೆ ಬೀಸಿದ ಖಡ್ಗ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಕಾಯ, ಬಯಲು ಎಂಬ ಶಬ್ದಗಳಿಗೆ ಗೋರಕ್ಷನು ಅದುವರೆಗೆ ಬಲ್ಲ ಅರ್ಥ ಆ ಕ್ಷಣದಲ್ಲಿ ಸಾಲದಾಯಿತು. ಅವನಿಗೆ ಯಾರೂ ಟೀಕೆ ಓದಿ ಹೇಳಲಿಲ್ಲ. ಅವನು ಕತ್ತಿ ಹಿಡಿದ ತನ್ನ ಕೈಯಿಂದಲೇ ಅದನ್ನು ಅರಿತನು.

ಆದುದರಿಂದ ವಚನಗಳನ್ನು ಅಚ್ಚು ಹಾಕಿಸುವವರಲ್ಲಿ, ಪಾಠ ಹೇಳುವವರಲ್ಲಿ ಒಂದು ವಿಜ್ಞಾಪನೆ ಉಳಿಯುತ್ತದೆ. ಪದಬಂಧವನ್ನು ಪ್ರಕಟಿಸುವ ಪತ್ರಿಕೆಯೂ ಅದರ ಉತ್ತರವನ್ನು ಮರುದಿನದವರೆಗೆ, ಇಲ್ಲವೇ ಮುಂದಿನ ವಾರದವರೆಗೆ ತಡೆಹಿಡಿಯುತ್ತದೆ. ಬೆಡಗಿನ ವಚನಗಳ ಸಂಗ್ರಹಗಳಲ್ಲಿ ಮಾತ್ರ ಪದಗಳ ಅರ್ಥವು ವಚನದ ಅಡಿಯಲ್ಲಿಯೇ, ಸಣ್ಣ ಅಕ್ಷರಗಳಲ್ಲಿ, ಕಣ್ಣಿಗೆ ಬೀಳುವಂತೆ ಇರುತ್ತದೆ. ಟೀಕೆಯನ್ನು ಗ್ರಂಥದ ಕೊನೆಗೆ ಒಯ್ದು, ವಚನದ ತಲೆಯ ಮೇಲೆ ಶೂನ್ಯಸಂಪಾದನೆಯು ಹೇಳುವ ಸಂದರ್ಭವನ್ನು ಎರಡು ಸಾಲುಗಳಲ್ಲಿ ಕೊಡುವುದು ಕಷ್ಟದ ಕೆಲಸವೇನಲ್ಲ. ಪಾಠದ ಕೋಣೆಯಲ್ಲಿಯೂ ಹೆಣ ಯಾವುದೆಂದು ಹೇಳುವ ಮೊದಲು, ಅಳುವವರು ಯಾರೆಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿ ನೋಡಬಹುದು.