ಶೃಂಗೇರಿಯ ಎರಡು ದಂಡೆ

ಶೃಂಗೇರಿಯಲ್ಲಿ ತುಂಗೆಯ ಉತ್ತರ ದಂಡೆಗೆ ಊರು, ದಕ್ಷಿಣ ದಂಡೆಗೆ ನರಸಿಂಹವನ. ಶಾರದಾಂಬೆಯ ಗುಡಿ, ಪೇಟೆ, ಯಾತ್ರಿಕರ ಸಾಲು ಎಲ್ಲವೂ ಈಚೆಗೆ. ಆಚೆಗೆ ತೋಟ, ಮರಗಳ ನೆರಳು, ಗುರುನಿವಾಸ. ರಜೆಯ ದಿನಗಳ ಜನಸಂದಣಿಯಲ್ಲೂ ಹೊಳೆಯ ಬದಿಯಲ್ಲಿ ನೆಮ್ಮದಿ ಉಳಿದಿರುವುದು ಎರಡೂ ದಂಡೆಗಳಿಗೆ ಊರು ಹಬ್ಬದೇ ಇರುವುದರಿಂದ.

ನದಿಯ ಪರಿಚಯಕ್ಕೆ ವಿದ್ಯಾಶಂಕರ ದೇವಾಲಯದ ಬಳಿಯ ಮೆಟ್ಟಿಲುಗಳೇ ಒಳ್ಳೆಯ ಜಾಗ. 14ನೇ ಶತಮಾನದ ಈ ಕಲ್ಲಿನ ಗುಡಿಯನ್ನೂ ಅದರ 12 ರಾಶಿಕಂಬಗಳನ್ನೂ ನೋಡಿದವರು ನೇರವಾಗಿ ನೀರಿಗಿಳಿಯಬಹುದು. ಮಹಶೀರ್ ಸೇರಿದಂತೆ ದೊಡ್ಡ ದೊಡ್ಡ ಮೀನುಗಳು ಮೆಟ್ಟಿಲಿನವರೆಗೂ ಬರುತ್ತವೆ. ಇಲ್ಲಿ ಮೀನು ಹಿಡಿಯುವಂತಿಲ್ಲ. ಆದ್ದರಿಂದಲೇ ಅವುಗಳಿಗೆ ಮನುಷ್ಯರ ಭಯವಿಲ್ಲ. ಮಹಶೀರ್ ತಿಳಿಯಾಗಿ ಹರಿಯುವ ನೀರನ್ನು ಬಯಸುವ ಮೀನು. ಅಣೆಕಟ್ಟು, ಕೊಳಕು ನೀರು, ತೋಟೆ ಹಾಕಿ ಮೀನು ಹಿಡಿಯುವ ಚಾಳಿಗಳಿಂದ ಬೇರೆ ಹೊಳೆಗಳಲ್ಲಿ ಅದು ಅಪರೂಪವಾಗಿರುವಾಗ, ದೇವರ ಮೀನೆಂಬ ಭಕ್ತಿ ಇಲ್ಲಿ ಅದನ್ನು ಕಾದಿದೆ. ಮಂಡಕ್ಕಿ ಎರಚುವುದಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಸುಮ್ಮನೆ ಕೂತರೆ ಅವುಗಳ ಓಡಾಟ ಹೆಚ್ಚು ಚೆನ್ನಾಗಿ ಕಾಣುತ್ತದೆ.

ನೀರಿನಂಚಿನಲ್ಲೇ ಕಪ್ಪೆ ಶಂಕರನ ಪುಟ್ಟ ಗುಡಿಯಿದೆ. ಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಹಾವು ಹೆಡೆಯ ನೆರಳು ಹಿಡಿದದ್ದನ್ನು ಕಂಡು ಶಂಕರಾಚಾರ್ಯರು ಈ ನೆಲವನ್ನು ಆರಿಸಿಕೊಂಡರೆಂಬುದು ಸ್ಥಳಪುರಾಣ. ಅದನ್ನೇ ಇಲ್ಲಿ ಕಲ್ಲಿನಲ್ಲಿ ಕಡೆದಿದ್ದಾರೆ. ಮಳೆಗಾಲದಲ್ಲಿ ಊರಿನವರಿಗೆ ಇದೇ ಹೊಳೆಯ ಅಳತೆಗೋಲು. ಕೆರೆಕಟ್ಟೆಯ ಕಡೆ ಮಳೆ ಜೋರಾದರೆ ತುಂಗೆ ಕೆಂಪಾಗಿ ಏರುತ್ತಾಳೆ, ಕಪ್ಪೆ ಶಂಕರ ಮುಳುಗಿದನೆಂಬ ಸುದ್ದಿ ಪತ್ರಿಕೆಗಳಿಗೆ ಬರುತ್ತದೆ. ಆಗ ಮೆಟ್ಟಿಲುಗಳ ಹತ್ತಿರ ಸುಳಿಯಬಾರದು.

ಹೆಚ್ಚಿನವರು ಮೀನು ನೋಡಿ ಹಿಂತಿರುಗುತ್ತಾರೆ. ಆದರೆ ವಿದ್ಯಾತೀರ್ಥ ಸೇತುವೆ ದಾಟದವರಿಗೆ ಶೃಂಗೇರಿ ಅರ್ಧವಷ್ಟೇ ದಕ್ಕುತ್ತದೆ. ಕಾಲ್ನಡಿಗೆಯ ಈ ಸೇತುವೆಯ ನಡುವೆ ನಿಂತರೆ ಒಂದು ಮಗ್ಗುಲಿಗೆ ಗೋಪುರ, ಇನ್ನೊಂದಕ್ಕೆ ಹಸಿರು. ನರಸಿಂಹವನದಲ್ಲಿ ಹಿಂದಿನ ಜಗದ್ಗುರುಗಳ ಅಧಿಷ್ಠಾನಗಳಿವೆ. 1954ರಲ್ಲಿ ದೇಹ ಬಿಟ್ಟ ಚಂದ್ರಶೇಖರ ಭಾರತಿಗಳದು ಅವುಗಳಲ್ಲೊಂದು. ಅಲ್ಲಿ ದನಿ ಏರಿಸದೆ, ಅವಸರವಿಲ್ಲದೆ ನಡೆಯಬೇಕು.

ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗಿ, ತಳದ ಕಲ್ಲುಗಳೂ ಕಾಣತೊಡಗುತ್ತವೆ. ಅಲ್ಲಿಂದ ಮಾಘದವರೆಗೆ ಬೆಳಗಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ನವರಾತ್ರಿಯ ವೈಭವ ಬೇರೆಯೇ, ಆದರೆ ನಿಶ್ಶಬ್ದ ಬೇಕಾದವರು ಆ ದಿನಗಳನ್ನು ಬಿಡುವುದು ಲೇಸು.

ಇದೇ ತುಂಗೆಯನ್ನು ಇನ್ನಷ್ಟು ಏಕಾಂತದಲ್ಲಿ ಕಾಣಲು ಕೊಪ್ಪ ತಾಲ್ಲೂಕಿನ ಹರಿಹರಪುರಕ್ಕೆ ಹೋಗಬಹುದು. ಅಲ್ಲಿಯೂ ಮಠ ನದಿಯ ದಂಡೆಯಲ್ಲೇ ಇದೆ. ನರಸಿಂಹರಾಜಪುರದ ಕಡೆಗೆ ಹೊರಟರೆ ಹೊಳೆಯೇ ಬದಲಾಗುತ್ತದೆ: ಬಾಳೆಹೊನ್ನೂರಿನಲ್ಲಿ ಹರಿಯುವ ಭದ್ರೆ, ಮುಂದೆ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಾಗಿ ಅಗಲಕ್ಕೆ ಹರಡಿಕೊಳ್ಳುತ್ತಾಳೆ.